ಇಟಲಿಯ ಹಳ್ಳಿಗಾಡಿನಲ್ಲಿ 14 ಜನರಿಗೆ ಒಂದು ವಾರದ ಮನೆ: ಯಾವ ಊರು, ಎಂಥ ಮನೆ, ಅಡುಗೆ ಯಾರದು?

ಬರೆದವರು: ಮ್ಯೂನಿಕ್‌ನ ಸೊಸೆ

ಎಲ್ಲರಿಗೂ ನಮಸ್ಕಾರ. ಬರುವ ವರ್ಷ ನಮ್ಮ ಅತ್ತೆ-ಮಾವನವರ ಮದುವೆಗೆ 50 ವರ್ಷ ತುಂಬುತ್ತದೆ. ಛತ್ರ ಹಿಡಿದು ಊಟ ಹಾಕಿಸುವ ಬದಲು ಮೂವರು ಮಕ್ಕಳ ಸಂಸಾರಗಳೂ ಒಂದು ವಾರ ಒಂದೇ ಸೂರಿನಡಿ ಇರಬೇಕೆಂಬುದು ಮಾವನವರ ಆಸೆ. ನಾವು ಮ್ಯೂನಿಕ್‌ನಲ್ಲಿದ್ದೇವೆ, ಮೈದುನನ ಮನೆ ಬೆಂಗಳೂರಿನಲ್ಲಿ, ನಾದಿನಿಯ ಮನೆ ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಇವರ ಜೊತೆಗೆ ನಮ್ಮ ಯಜಮಾನರ ಸೋದರತ್ತೆಯೂ ಬರುತ್ತಾರೆ. ಐವರು ಮಕ್ಕಳನ್ನು ಸೇರಿಸಿ ಒಟ್ಟು 14 ಜನ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಒಂದು ವಿಲ್ಲಾ ಬಾಡಿಗೆಗೆ ಹಿಡಿಯೋಣವೆಂದು ಎಲ್ಲರೂ ಒಪ್ಪಿದ್ದಾರೆ. ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ.

ಚಿತ್ರಗಳನ್ನು ನೋಡಿದರೆ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ: ಕಲ್ಲಿನ ಗೋಡೆ, ಸೈಪ್ರೆಸ್ ಮರಗಳ ಸಾಲು, ಈಜುಕೊಳ. ಆದರೆ ಅತ್ತೆಗೆ ಮಂಡಿನೋವಿದೆ, ಸೋದರತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಹಿರಿಯರು ಮೂವರಿಗೂ ದಿನಕ್ಕೊಮ್ಮೆಯಾದರೂ ಅನ್ನ ಬೇಕು. ನನ್ನ ನಿಜವಾದ ಚಿಂತೆ ಇನ್ನೊಂದಿದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. 14 ಜನರಿಗೆ ಮೂರು ಹೊತ್ತು ಬೇಯಿಸುವ ಕೆಲಸ ನನ್ನ, ನನ್ನ ವಾರಗಿತ್ತಿಯ ಮತ್ತು ನಾದಿನಿಯ ಮೇಲೆ ಬಿದ್ದರೆ ಆ ವಾರ ನಮ್ಮ ಮೂವರಿಗೆ ರಜೆಯಾಗುವುದಿಲ್ಲ. ಇಂಥ ಮನೆಯಲ್ಲಿ ದೊಡ್ಡ ಗುಂಪಿನ ಜೊತೆ ಇದ್ದು ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಬರೆದವರು: ಬೊಲೋನ್ಯಾ ವಾಸಿ

ಊರಿನಿಂದ ಬರುವವರಿಗೆ ಇಂಥ ಮನೆಗಳನ್ನು ಹುಡುಕಿಕೊಡುವ ಕೆಲಸ ಬೇಸಿಗೆ ಬಂತೆಂದರೆ ನನಗೆ ತಪ್ಪಿದ್ದಲ್ಲ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಮೊದಲು ಮನೆಯ ವಿಚಾರ, ಊರಿನ ವಿಚಾರ ಆಮೇಲೆ.

ಜಾಹೀರಾತುಗಳಲ್ಲಿ ವಿಲ್ಲಾ ಎಂದು ಬರೆದಿರುವ ಮನೆಗಳಲ್ಲಿ ಬಹಳಷ್ಟು ಹಿಂದೆ ರೈತರ ಮನೆಗಳಾಗಿದ್ದವು. ಟಸ್ಕನಿ, ಉಂಬ್ರಿಯಾ, ಮಾರ್ಕೆ ಪ್ರಾಂತ್ಯಗಳಲ್ಲಿ ಶತಮಾನಗಳ ಕಾಲ ಜಮೀನು ಧಣಿಯದು, ದುಡಿಮೆ ಒಕ್ಕಲಿನದು, ಬೆಳೆಯಲ್ಲಿ ಅರ್ಧರ್ಧ ಪಾಲು ಎಂಬ ಪದ್ಧತಿ ನಡೆದುಕೊಂಡು ಬಂದಿತ್ತು. ನಮ್ಮ ಕಡೆಯ ಕೋರು ಸಾಗುವಳಿಯನ್ನು ಕಂಡವರಿಗೆ ಅದು ಹೊಸದೆನಿಸುವುದಿಲ್ಲ. ಪ್ರತಿಯೊಂದು ಹಿಡುವಳಿಗೂ ಒಂದು ಕಲ್ಲಿನ ಮನೆ ಇರುತ್ತಿತ್ತು: ಕೆಳಗೆ ಎತ್ತುಗಳ ಕೊಟ್ಟಿಗೆ, ಮೇಲೆ ಅಡುಗೆಮನೆ ಮತ್ತು ಮಲಗುವ ಕೋಣೆಗಳು, ಹತ್ತಲು ಹೊರಗಡೆಯಿಂದ ಕಲ್ಲಿನ ಮೆಟ್ಟಿಲು. ಎರಡನೇ ಮಹಾಯುದ್ಧದ ನಂತರ ಒಕ್ಕಲುಮಕ್ಕಳು ಕಾರ್ಖಾನೆಯ ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು, 1964ರಲ್ಲಿ ಬಂದ ಕಾಯ್ದೆ ಇಂಥ ಹೊಸ ಕರಾರುಗಳನ್ನೇ ನಿಷೇಧಿಸಿತು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಎಷ್ಟೋ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೇ ಒಡೆಯರಾದರು. ಇಟಲಿಯಲ್ಲಿ ಒಕ್ಕಲು ಊರು ಬಿಟ್ಟಿತು, ಮನೆಗಳು ಪಾಳು ಬಿದ್ದವು, ಮುಂದೆ ಇಂಗ್ಲಿಷರು, ಜರ್ಮನರು ಮತ್ತು ಇಟಲಿಯ ನಗರವಾಸಿಗಳು ಅವುಗಳನ್ನು ಕೊಂಡು ದುರಸ್ತಿ ಮಾಡಿಸಿದರು.

ಈ ಚರಿತ್ರೆಯನ್ನು ಹೇಳಲು ಕಾರಣ ನಿಮ್ಮ ಅತ್ತೆಯವರ ಮಂಡಿ. ಅಂದಿನ ಕೊಟ್ಟಿಗೆ ಇಂದು ಇಟ್ಟಿಗೆಯ ಕಮಾನುಗಳ ಚೆಂದದ ಹಜಾರವಾಗಿರುತ್ತದೆ, ಆದರೆ ಮಲಗುವ ಕೋಣೆಗಳು ಬಹುತೇಕ ಇಂದಿಗೂ ಮೇಲೆಯೇ ಇರುತ್ತವೆ. ಮೆಟ್ಟಿಲು ಕಡಿದಾಗಿರುತ್ತದೆ, ಕೈಹಿಡಿ ಎಲ್ಲ ಕಡೆ ಇರುವುದಿಲ್ಲ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಒಂದೆರಡು ಮೆಟ್ಟಿಲು ಇಳಿಯಬೇಕಾಗುವುದುಂಟು. ಜಾಹೀರಾತಿನಲ್ಲಿ 'ನೆಲಮಹಡಿಯಲ್ಲಿ ಕೋಣೆ ಇದೆ' ಎಂದಿದ್ದರೆ ಅಷ್ಟಕ್ಕೇ ನಿಲ್ಲಬೇಡಿ. ಸ್ನಾನದ ಮನೆಯೂ ಅದೇ ಮಟ್ಟದಲ್ಲಿದೆಯೇ, ಷವರಿನ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ, ಕಾರು ನಿಲ್ಲುವ ಜಾಗದಿಂದ ಬಾಗಿಲಿನವರೆಗೆ ಜಲ್ಲಿ ಹಾಸಿದೆಯೇ ಎಂದು ಮಾಲೀಕರನ್ನು ಕೇಳಿ, ಅವುಗಳ ಚಿತ್ರಗಳನ್ನೇ ತರಿಸಿಕೊಳ್ಳಿ.

ಕಾಲದ ಬಗ್ಗೆ ಹೇಳುವುದಾದರೆ, ಜುಲೈ ಮತ್ತು ಆಗಸ್ಟ್ ತಿಂಗಳುಗಳನ್ನು ಬಿಟ್ಟುಬಿಡಿ. ಬಿಸಿಲು 35 ಡಿಗ್ರಿ ದಾಟುವ ದಿನಗಳಿರುತ್ತವೆ, ಹಳೆಯ ಮನೆಗಳಲ್ಲಿ ಎಲ್ಲ ಕಡೆ ಏಸಿ ಇರುವುದಿಲ್ಲ, ಬಾಡಿಗೆಯೂ ಆಗಲೇ ಅತಿ ಹೆಚ್ಚು. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ, ಇಂಗ್ಲೆಂಡಿನ ಅರ್ಧಾವಧಿ ರಜೆ, ಮ್ಯೂನಿಕ್ ಇರುವ ಬವೇರಿಯಾದ ಪೆಂಟೆಕೋಸ್ಟ್ ಹಬ್ಬದ ರಜೆ ಈ ಮೂರೂ ಕೆಲವು ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಕೂಡಿ ಬರುತ್ತವೆ. ಮೂರೂ ಕ್ಯಾಲೆಂಡರುಗಳನ್ನು ಮುಂದಿಟ್ಟುಕೊಂಡು ನೋಡಿ. ಆಗ ಗುಡ್ಡಗಳು ಹಸಿರಾಗಿರುತ್ತವೆ, ಗೋಧಿ ಹೊಲಗಳ ನಡುವೆ ಕೆಂಪು ಗಸಗಸೆ ಹೂವು ಅರಳಿರುತ್ತದೆ. ಈಜುಕೊಳದ ನೀರು ಮಾತ್ರ ತಣ್ಣಗಿರುತ್ತದೆ, ಮಕ್ಕಳಿಗೆ ಈಗಲೇ ಹೇಳಿಟ್ಟಿರಿ. ಕೊಳದ ಸುತ್ತ ಬೇಲಿ ಎಲ್ಲ ಮನೆಗಳಲ್ಲೂ ಇರುವುದಿಲ್ಲ, ಸಣ್ಣ ಮಕ್ಕಳಿದ್ದರೆ ಅದನ್ನೂ ಕೇಳಿಕೊಳ್ಳಬೇಕು.

ಬರೆದವರು: ಆಮ್‌ಸ್ಟರ್‌ಡ್ಯಾಮ್ ಕನ್ನಡತಿ

ಪ್ರಶ್ನೆ ಕೇಳಿದ ಸೋದರಿಗೆ, ನಿಮ್ಮ ಚಿಂತೆ ಬಹಳ ನ್ಯಾಯವಾದದ್ದು. ಅದನ್ನು ಮನೆ ಹುಡುಕುವ ಮೊದಲೇ ಹೇಳಿದ್ದೂ ಒಳ್ಳೆಯದಾಯಿತು, ಏಕೆಂದರೆ ಅಡುಗೆಯ ಏರ್ಪಾಡು ಹೇಗೆಂಬುದರ ಮೇಲೆ ಎಂಥ ಮನೆ ಹಿಡಿಯಬೇಕೆಂಬುದು ನಿಂತಿದೆ.

ಇಂಥ ಮನೆಗಳ ಅಡುಗೆಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ತಟ್ಟೆ, ಲೋಟ, ಫೋರ್ಕುಗಳು ಜನಸಂಖ್ಯೆಗೆ ತಕ್ಕಷ್ಟು ಇರುತ್ತವೆ. ಒಲೆ ಮಾತ್ರ ಸಾಮಾನ್ಯವಾಗಿ ನಾಲ್ಕೋ ಐದೋ ಬರ್ನರಿನದು. ಪಾಸ್ತಾ ಬೇಯಿಸುವ ಒಂದು ಎತ್ತರದ ಪಾತ್ರೆ, ಎರಡು ಬಾಣಲೆ, ಮೋಕಾ ಎಂಬ, ಒಲೆಯ ಮೇಲಿಟ್ಟು ಕಾಫಿ ಮಾಡುವ ಪಾತ್ರೆ ಮೂರು ಗಾತ್ರದಲ್ಲಿ ಸಿಗುತ್ತವೆ. ಕುಕ್ಕರ್ ಇರುವುದಿಲ್ಲ, ಇಕ್ಕಳ ಇರುವುದಿಲ್ಲ, ಒಗ್ಗರಣೆ ಸೌಟಿನ ಮಾತಂತೂ ಬೇಡ. ನೀವು ಮ್ಯೂನಿಕ್‌ನಿಂದ ಕಾರಿನಲ್ಲಿ ಬರುವವರಾದ್ದರಿಂದ ಐದು ಲೀಟರಿನ ಕುಕ್ಕರ್, ಒಂದು ಅಗಲವಾದ ಪಾತ್ರೆ, ಮಿಕ್ಸಿ ಇಷ್ಟನ್ನು ಡಿಕ್ಕಿಗೆ ಹಾಕಿಕೊಂಡರೆ ಸಾಕು. ಒಲೆ ಇಂಡಕ್ಷನ್ನೋ ಗ್ಯಾಸೋ ಎಂದು ಮೊದಲೇ ತಿಳಿದುಕೊಳ್ಳಿ, ಇಂಡಕ್ಷನ್ ಆದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು.

ಇನ್ನು ಕೆಲಸದ ಹಂಚಿಕೆ. ನನ್ನ ಅಭಿಪ್ರಾಯದಲ್ಲಿ ಮಧ್ಯಾಹ್ನದ ಊಟವನ್ನು ಮನೆಯಲ್ಲಿ ಮಾಡಲೇಬಾರದು. ಬೆಳಿಗ್ಗೆ ಉಪ್ಪಿಟ್ಟು, ಬ್ರೆಡ್ಡು, ಹಣ್ಣು, ಮಧ್ಯಾಹ್ನ ಹೊರಗೆ, ರಾತ್ರಿ ಒಂದು ಹೊತ್ತು ಅನ್ನ, ಸಾರು, ಪಲ್ಯ, ಮೊಸರು. ಆ ರಾತ್ರಿಯ ಅಡುಗೆಯನ್ನು ದಂಪತಿಗಳ ಹೆಸರಿನಲ್ಲಿ ಹಂಚಬೇಕು, ಹೆಂಗಸರ ಹೆಸರಿನಲ್ಲಿ ಹಂಚಬಾರದು. ಒಂದು ದಿನ ನಿಮ್ಮ ಯಜಮಾನರೂ ನೀವೂ, ಮಾರನೆಯ ದಿನ ಮೈದುನನೂ ಅವರ ಹೆಂಡತಿಯೂ, ಆಮೇಲೆ ನಾದಿನಿಯೂ ಅವರ ಗಂಡನೂ. ಆ ದಿನ ಅಡುಗೆಯ ಸರದಿ ಇಲ್ಲದವರು ಪಾತ್ರೆ ತೊಳೆಯುವ ಯಂತ್ರಕ್ಕೆ ಪಾತ್ರೆ ತುಂಬಬೇಕು. ಇದನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. 'ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು' ಎಂದು ಬಿಟ್ಟರೆ, ಅದನ್ನು ನೋಡಿಕೊಳ್ಳುವವರು ಯಾರೆಂದು ನಮಗೆಲ್ಲ ಗೊತ್ತಿದೆ.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಬಹಳ ಕಡೆ ಮಾಲೀಕರಿಗೆ ಹೇಳಿದರೆ ಊರಿನ ಅಡುಗೆಯವರೊಬ್ಬರು ಮನೆಗೇ ಬಂದು ರಾತ್ರಿಯ ಊಟ ಮಾಡಿ ಬಡಿಸಿ, ಅಡುಗೆಮನೆ ಒರೆಸಿಟ್ಟು ಹೋಗುತ್ತಾರೆ. ಟಸ್ಕನಿಯ ಹಳ್ಳಿ ಅಡುಗೆಯಲ್ಲಿ ಸಸ್ಯಾಹಾರಿಗಳಿಗೆ ಬೇಕಾದಷ್ಟಿದೆ. ಸಿಯೆನಾ ಕಡೆಯ ಪೀಚಿ ಎಂಬ ದಪ್ಪ ಶಾವಿಗೆಯಂಥ ಪಾಸ್ತಾವನ್ನು ಸಾಮಾನ್ಯವಾಗಿ ಮೊಟ್ಟೆ ಹಾಕದೆ ಹಿಟ್ಟು ನೀರಿನಲ್ಲೇ ಕಲಸುತ್ತಾರೆ. ಟೊಮೇಟೊ ಹಾಕಿ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ, ಹಳೆಯ ಬ್ರೆಡ್ಡು ಮತ್ತು ಸೊಪ್ಪಿನ ರಿಬೊಲ್ಲೀತಾ, ಕಡಲೆಯ ಸೂಪು ಎಲ್ಲವೂ ನಮ್ಮ ನಾಲಗೆಗೆ ಹೊಂದುತ್ತವೆ. ಆದರೆ ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಸಾರಿನ ಬುಡದಲ್ಲಿ ಮಾಂಸ ಬೇಯಿಸಿದ ನೀರು ಇರಬಹುದು, ಒಗ್ಗರಣೆಯಲ್ಲಿ ಹಂದಿ ಮಾಂಸದ ಚೂರು ಇರಬಹುದು. ಪಾರ್ಮಿಜಾನೊ ರೆಜ್ಜಾನೊ ಎಂಬ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಮಾಡುತ್ತಾರೆ, ಆದ್ದರಿಂದ ಕಟ್ಟುನಿಟ್ಟಿನ ಹಿರಿಯರಿಗೆ ಅದು ಆಗುವುದಿಲ್ಲ. 'ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ, ಸೆನ್ಸಾ ಬ್ರೋದೊ, ಸೆನ್ಸಾ ಚಿಪೊಲ್ಲಾ, ಸೆನ್ಸಾ ಆಲ್ಯೊ' ಎಂದು ಬರೆದುಕೊಟ್ಟರೆ ಮಾಂಸ, ಮೀನು, ಮಾಂಸದ ಸಾರು, ಈರುಳ್ಳಿ, ಬೆಳ್ಳುಳ್ಳಿ ಬೇಡವೆಂಬುದು ಅವರಿಗೆ ತಿಳಿಯುತ್ತದೆ.

ಬರೆದವರು: ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನಿಂದ ಹೊರಡುವವರ ಕಡೆಯಿಂದ ಕೆಲವು ಮಾತು.

ವೀಸಾ ಅರ್ಜಿಯನ್ನು ಇಟಲಿಗೇ ಹಾಕಬೇಕೆಂದು ಅನೇಕರು ತಿಳಿದಿರುತ್ತಾರೆ. ಷೆಂಗೆನ್ (ಇಟಲಿ, ಜರ್ಮನಿ ಮೊದಲಾದ ದೇಶಗಳಿಗೆಲ್ಲ ಒಂದೇ ವೀಸಾ) ನಿಯಮದಂತೆ ಪ್ರವಾಸದ ಮುಖ್ಯ ಉದ್ದೇಶ ಯಾವ ದೇಶದ್ದೋ, ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಿಮ್ಮ ಅತ್ತೆ-ಮಾವ ಒಂದು ವಾರ ಇಟಲಿಯಲ್ಲಿದ್ದು, ಆಮೇಲೆ ಮ್ಯೂನಿಕ್‌ನಲ್ಲಿ ನಿಮ್ಮ ಮನೆಯಲ್ಲಿ ಒಂದು ತಿಂಗಳು ಉಳಿಯುವುದಾದರೆ ಅವರ ಅರ್ಜಿ ಜರ್ಮನಿಗೆ ಹೋಗಬೇಕು. ವಾರ ಮುಗಿಸಿ ನೇರ ಬೆಂಗಳೂರಿಗೆ ಮರಳುವ ನಿಮ್ಮ ಮೈದುನನ ಸಂಸಾರದ ಅರ್ಜಿ ಇಟಲಿಗೆ ಹೋಗಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಕಡ್ಡಾಯ. ನಾದಿನಿಯವರು ಭಾರತದ ಪಾಸ್‌ಪೋರ್ಟಿನಲ್ಲೇ ಇದ್ದರೆ ಬ್ರಿಟನ್ನಿನ ವಾಸದ ಪರವಾನಗಿಯೊಂದೇ ಸಾಲದು, ಅವರಿಗೂ ವೀಸಾ ಬೇಕು.

ಇದರಿಂದ ಹೊರಡುವ ಮುಖ್ಯ ಮಾತೆಂದರೆ, ಮನೆಯ ಕರಾರಿನಲ್ಲಿ ರದ್ದತಿಯ ಷರತ್ತನ್ನು ಗಮನವಿಟ್ಟು ಓದಬೇಕು. ಮುಂಗಡ ಕೊಟ್ಟು, ಉಳಿದ ಹಣವನ್ನು ಕೆಲವು ವಾರ ಮುಂಚೆ ಕಟ್ಟುವುದು ವಾಡಿಕೆ. ಆ ಎರಡನೇ ಕಂತಿನ ದಿನಾಂಕ ವೀಸಾ ಕೈಗೆ ಬರುವ ದಿನಕ್ಕಿಂತ ಆಚೆ ಇರುವಂತೆ ನೋಡಿಕೊಳ್ಳಿ. ಎಲ್ಲರ ಹೆಸರುಗಳೂ, ಪಾಸ್‌ಪೋರ್ಟಿನಲ್ಲಿರುವಂತೆಯೇ, ಬುಕಿಂಗ್ ಪತ್ರದಲ್ಲಿ ಇರಲಿ. ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದರೆ ಉಳಿದವರ ವಸತಿಗೆ ದಾಖಲೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ.

ತಿಂಡಿ ಸಾಮಾನಿನ ಬಗ್ಗೆ: ಭಾರತದಿಂದ ನೇರವಾಗಿ ಬರುವವರು ತುಪ್ಪ, ಪೇಡೆ ಮೊದಲಾದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಇವಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಸಾರಿನ ಪುಡಿ, ಹುಣಸೆ, ಚಟ್ನಿಪುಡಿ ತರಬಹುದು. ತುಪ್ಪ, ಕರಿಬೇವು, ಸೋನಾ ಮಸೂರಿಯನ್ನು ಮ್ಯೂನಿಕ್‌ನ ಅಂಗಡಿಯಲ್ಲಿ ಕೊಂಡು ಕಾರಿನಲ್ಲಿ ತಂದರೆ ಯಾವ ತೊಂದರೆಯೂ ಇಲ್ಲ.

ಬರೆದವರು: ಮ್ಯೂನಿಕ್‌ನ ಸೊಸೆ

ಇಷ್ಟು ಕಾಳಜಿಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಅಡುಗೆಯ ಸರದಿಯ ಮಾತನ್ನು ನಮ್ಮ ವಾರಗಿತ್ತಿಗೆ ಓದಿ ಹೇಳಿದೆ. 'ಅಕ್ಕಾ, ಇದು ಖಾತ್ರಿಯಾದರೆ ಮಾತ್ರ ಟಿಕೆಟ್ ಬುಕ್ ಮಾಡೋಣ' ಎಂದಳು.

ಈಗ ಹಣದ ವಿಚಾರ. ಹಿರಿಯರು ಮೂವರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದೆಂದು ತೀರ್ಮಾನವಾಗಿದೆ. ಉಳಿದದ್ದನ್ನು ಮೂರು ಸಂಸಾರಗಳು ಹೇಗೆ ಹಂಚಿಕೊಳ್ಳಬೇಕು? ನಮಗೆ ಇಬ್ಬರು ಮಕ್ಕಳು, ಮೈದುನನಿಗೂ ಇಬ್ಬರು, ನಾದಿನಿಗೆ ಒಬ್ಬಳೇ ಮಗಳು. ತಲೆಗಿಷ್ಟು ಎಂದರೆ ಒಬ್ಬರಿಗೆ ಅನ್ಯಾಯ, ಮನೆಗಿಷ್ಟು ಎಂದರೆ ಇನ್ನೊಬ್ಬರಿಗೆ ಅನ್ಯಾಯ ಎಂಬಂತಿದೆ.

ಬರೆದವರು: ಲಂಡನ್ ಲೆಕ್ಕಪತ್ರ

ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದರೆ ಮನಸ್ಸು ಹಗುರಾಗುತ್ತದೆ. ವಾರದ ಬಾಡಿಗೆ 4,200 ಯೂರೋ, ಕೋಣೆಗಳು ಆರು ಎಂದು ಊಹಿಸಿಕೊಳ್ಳೋಣ. ಮನೆಗೆ ಸಮಪಾಲು ಎಂದರೆ ತಲಾ 1,400. ತಲೆ ಲೆಕ್ಕವೆಂದರೆ, ಹಿರಿಯರನ್ನು ಬಿಟ್ಟು ಉಳಿದ 11 ಜನರ ಮೇಲೆ ಹಂಚಿದಾಗ, ನಿಮಗೂ ನಿಮ್ಮ ಮೈದುನನಿಗೂ ತಲಾ ಸುಮಾರು 1,527, ನಾದಿನಿಗೆ 1,145. ಕೋಣೆಯ ಲೆಕ್ಕವೆಂದರೆ ಒಂದು ಕೋಣೆಗೆ 700. ದಂಪತಿಗಳು ತಮ್ಮ ಕೋಣೆಯದನ್ನು ಪೂರ್ತಿ ಕೊಟ್ಟು, ಹಿರಿಯರ ಎರಡು ಕೋಣೆಗಳನ್ನು ಮೂರು ಪಾಲು ಮಾಡಿ, ಮಕ್ಕಳ ಕೋಣೆಯನ್ನು ಐದು ಪಾಲು ಮಾಡಿಕೊಂಡರೆ ನಿಮಗೂ ಮೈದುನನಿಗೂ ತಲಾ ಸುಮಾರು 1,447, ನಾದಿನಿಗೆ 1,307 ಬರುತ್ತದೆ. ನನಗೆ ಈ ಮೂರನೆಯದೇ ಸರಿಯೆನಿಸುತ್ತದೆ, ಏಕೆಂದರೆ ಬಾಡಿಗೆ ಏರುವುದು ಕೋಣೆಗಳ ಸಂಖ್ಯೆಯಿಂದ. ಮಗುವೊಂದು ಹೆಚ್ಚಾದ ಮಾತ್ರಕ್ಕೆ ಏರುವುದಿಲ್ಲ.

ಆದರೆ ಇನ್ನೊಂದನ್ನೂ ತೂಗಿ ನೋಡಬೇಕು. ನಿಮ್ಮ ಮೈದುನ ರೂಪಾಯಿಯಲ್ಲಿ ದುಡಿದು ನಾಲ್ವರ ವಿಮಾನದ ಟಿಕೆಟ್ಟು, ವೀಸಾ ಶುಲ್ಕಗಳನ್ನು ಆಗಲೇ ಹೊರುತ್ತಿದ್ದಾರೆ. ಬಾಡಿಗೆಯನ್ನು ಕೋಣೆಯ ಲೆಕ್ಕದಲ್ಲೇ ಇಟ್ಟು, ಕಾರು, ಪೆಟ್ರೋಲು, ಅಡುಗೆಯವರ ಸಂಬಳ ಇವನ್ನು ಯೂರೋಪಿನಲ್ಲಿರುವ ಎರಡು ಸಂಸಾರಗಳು ವಹಿಸಿಕೊಂಡರೆ ಯಾರ ಮರ್ಯಾದೆಗೂ ಕುಂದಿಲ್ಲದೆ ಭಾರ ಹಂಚಿಹೋಗುತ್ತದೆ. ದಿನಸಿಗೆ ಮೊದಲ ದಿನವೇ ಮೂವರೂ ಸಮನಾಗಿ ಹಣ ಹಾಕಿದ ಒಂದು ಪರ್ಸು ಇರಲಿ.

ಬಾಡಿಗೆಯ ಆಚೆಗೂ ಖರ್ಚುಗಳಿವೆ: ಮನೆ ಬಿಡುವಾಗಿನ ಶುಚಿಗೊಳಿಸುವ ಶುಲ್ಕ, ಹಿಂದಿರುಗಿ ಬರುವ ಭದ್ರತಾ ಠೇವಣಿ, ರಾತ್ರಿಯೊಂದಕ್ಕೆ ತಲೆಗಿಷ್ಟೆಂದು ಸ್ಥಳೀಯ ಪುರಸಭೆಗೆ ಕೊಡುವ ವಾಸ್ತವ್ಯ ತೆರಿಗೆ, ಕೆಲವು ಕಡೆ ವಿದ್ಯುತ್ತು ಅಥವಾ ಗ್ಯಾಸಿಗೆ ಮೀಟರಿನ ಪ್ರಕಾರ ಬೇರೆ ಹಣ. ಇವೆಲ್ಲವನ್ನೂ ಕೂಡಿಸಿದ ಮೊತ್ತವನ್ನೇ ಒಂದು ಮನೆಗೂ ಇನ್ನೊಂದಕ್ಕೂ ಹೋಲಿಸಬೇಕು.

ಬರೆದವರು: ಮೈಸೂರಿನ ನಿವೃತ್ತ ಮೇಷ್ಟ್ರು

ಇಲ್ಲಿಯವರೆಗೆ ಬರೆದವರೆಲ್ಲ ಮಕ್ಕಳ ಪೀಳಿಗೆಯವರು. ನಾನು ಇಂಥದೇ ಪ್ರವಾಸದಲ್ಲಿ ತಂದೆಯಾಗಿ ಹೋಗಿದ್ದವನು, ಆ ಕಡೆಯಿಂದ ಒಂದು ಮಾತು ಹೇಳಲು ಅಪ್ಪಣೆ ಬೇಕು.

ಮಕ್ಕಳು ಹಿಡಿದಿದ್ದ ಮನೆ ಗುಡ್ಡದ ನೆತ್ತಿಯ ಮೇಲಿತ್ತು. ನೋಟ ಅದ್ಭುತ, ಸುತ್ತ ಆಲಿವ್ ತೋಟ. ಆದರೆ ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸವಿರುವ ನನಗೂ ನನ್ನ ಪತ್ನಿಗೂ ಕಾಲಿಟ್ಟು ಹೋಗಲು ಒಂದು ಅಂಗಡಿಯಿರಲಿಲ್ಲ, ಕಟ್ಟೆಯಿರಲಿಲ್ಲ, ಮನುಷ್ಯರ ಮುಖವಿರಲಿಲ್ಲ. ಕಾರು ನಡೆಸುವವರು ಎದ್ದು, ಸ್ನಾನ ಮಾಡಿ, ಹೊರಡುವ ತನಕ ಕಾಯುತ್ತಲೇ ಇರಬೇಕು. ದಿನವೂ ಹೊರಗೆ ಕರೆದೊಯ್ಯಿರಿ ಎಂದು ಕೇಳಲು ಸಂಕೋಚ, ಅವರ ರಜೆಯನ್ನು ನಾವು ಕೆಡಿಸುತ್ತಿದ್ದೇವೇನೋ ಎಂಬ ಅಳುಕು. ಒಂದು ದಿನ ಮಗ ನಮ್ಮನ್ನು ಹತ್ತಿರದ ಸಣ್ಣ ಊರಿನ ಚೌಕದಲ್ಲಿ ಇಳಿಸಿ ಹೋದ. ನಮ್ಮ ವಯಸ್ಸಿನ ಗಂಡಸರು ಬೆಂಚಿನ ಮೇಲೆ ಕುಳಿತು ಇಸ್ಪೀಟು ಆಡುತ್ತಿದ್ದರು, ನಮಗೆ ಜಾಗ ಮಾಡಿಕೊಟ್ಟರು, ಭಾಷೆ ಬಾರದಿದ್ದರೂ ಒಂದು ಗಂಟೆ ಸರಾಗವಾಗಿ ಕಳೆಯಿತು. ಮಿಕ್ಕ ದಿನಗಳಲ್ಲಿ ಕಂಡ ಚರ್ಚುಗಳಿಗಿಂತ ಆ ಗಂಟೆಯೇ ನನ್ನ ಪತ್ನಿಗೆ ಹೆಚ್ಚು ಪ್ರಿಯವಾಯಿತು.

ಆದ್ದರಿಂದ ತಾಯಿ, ಹಿರಿಯರು ತಾವಾಗಿಯೇ ನಡೆದುಕೊಂಡು ಹೋಗಿ ಒಂದು ಕಾಫಿ ಕುಡಿದು ಬರುವಷ್ಟು ಹತ್ತಿರದಲ್ಲಿ ಊರಿರುವ ಮನೆಯನ್ನು ಹುಡುಕು. ಕೊಳ ಸಣ್ಣದಾದರೂ ಚಿಂತೆಯಿಲ್ಲ.

ಬರೆದವರು: ಬೊಲೋನ್ಯಾ ವಾಸಿ

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಊರುಗಳ ಬಗ್ಗೆ ಬರೆಯಬೇಕೆಂದಿದ್ದುದನ್ನು ಅದೇ ದೃಷ್ಟಿಯಿಂದ ಹೇಳುತ್ತೇನೆ.

ಟಸ್ಕನಿಯ ಹೆಸರಾಂತ ಊರುಗಳಲ್ಲಿ ಹೆಚ್ಚಿನವು ಗುಡ್ಡದ ಮೇಲಿವೆ. ಮೊಂತೆಪುಲ್ಚಾನೊ, ಕೊರ್ತೋನಾ, ವೊಲ್ತೆರ್ರಾ ಬಹಳ ಚೆಂದ, ಆದರೆ ಏರುದಾರಿ ಮಂಡಿನೋವಿನವರನ್ನು ಸುಸ್ತು ಮಾಡುತ್ತದೆ. ಇವುಗಳಿಗೆ ಹೋಲಿಸಿದರೆ ವಾಲ್ ದೋರ್ಚಾ ಕಣಿವೆಯ ಪಿಯೆಂಜಾ ಮತ್ತು ಸಾನ್ ಕ್ವಿರಿಕೊ ದೋರ್ಚಾ ನಡೆದಾಡಲು ಸುಲಭ. ಪಿಯೆಂಜಾವನ್ನು ಅಲ್ಲಿಯೇ ಹುಟ್ಟಿದ ಎರಡನೇ ಪಿಯುಸ್ ಪೋಪರು 1459ರಿಂದ ಹೊಸದಾಗಿ ಕಟ್ಟಿಸಿದರು. ಊರಿನ ಅಂಚಿನ ಗೋಡೆಯುದ್ದಕ್ಕೂ ಒಂದು ಸಮತಟ್ಟಾದ ಹಾದಿಯಿದೆ, ಅಲ್ಲಿಂದ ಇಡೀ ಕಣಿವೆ ಕಾಣುತ್ತದೆ. ಆ ಕಣಿವೆ 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಾನ್ ಕ್ವಿರಿಕೊದಲ್ಲಿ 16ನೇ ಶತಮಾನದ ಒಂದು ಸಾರ್ವಜನಿಕ ಉದ್ಯಾನವಿದೆ, ಹಿರಿಯರು ಬೆಳಗಿನ ಹೊತ್ತು ಕುಳಿತಿರಲು ಯೋಗ್ಯವಾದ ಜಾಗ. ರೈಲು, ಸಮತಟ್ಟು ನೆಲ, ದೊಡ್ಡ ಆಸ್ಪತ್ರೆ ಇವು ಹತ್ತಿರವಿರಲಿ ಎನ್ನುವುದಾದರೆ ಲುಕ್ಕಾ ಊರಿನ ಆಸುಪಾಸು ನೋಡಿ. ಅಲ್ಲಿನ ಕೋಟೆಗೋಡೆಯ ಮೇಲೆ ಸುಮಾರು 4 ಕಿಲೋಮೀಟರು ಮರದ ನೆರಳಿನಲ್ಲಿ ನಡೆಯಬಹುದು.

ಒಂದೇ ದೊಡ್ಡ ಮನೆಯ ಬದಲು ಅಗ್ರಿತುರಿಸ್ಮೊ, ಅಂದರೆ ಸಾಗುವಳಿ ನಡೆಸುತ್ತಲೇ ಅತಿಥಿಗಳನ್ನು ಇರಿಸಿಕೊಳ್ಳುವ ತೋಟದ ಮನೆಗಳನ್ನೂ ನೋಡಿ. ಕಾಯ್ದೆಯ ಪ್ರಕಾರ ಅಲ್ಲಿ ಬೇಸಾಯವೇ ಮುಖ್ಯ ಕಸುಬಾಗಿರಬೇಕು. ಒಂದೇ ಅಂಗಳದ ಸುತ್ತ ಮೂರು ನಾಲ್ಕು ಬಿಡಿ ಮನೆಗಳಿರುತ್ತವೆ, ಪ್ರತಿಯೊಂದಕ್ಕೂ ತನ್ನದೇ ಅಡುಗೆಮನೆ. ಅನೇಕ ಕಡೆ ರಾತ್ರಿಯ ಊಟವನ್ನೂ ಕೊಡುತ್ತಾರೆ. ಸಂಸಾರಗಳು ಒಟ್ಟಿಗೂ ಇರಬಹುದು, ಬಾಗಿಲು ಹಾಕಿಕೊಂಡು ಬೇರೆಯೂ ಇರಬಹುದು. ಸೋದರತ್ತೆಯವರ ಮಡಿಯ ಅಡುಗೆಗೆ ಒಂದು ಒಲೆಯನ್ನು ಪೂರ್ತಿ ಬಿಟ್ಟುಕೊಡುವುದಕ್ಕೂ ಅನುಕೂಲ.

ವಿದ್ಯುತ್ತಿನ ವಿಷಯವನ್ನು ಯಾರೂ ಹೇಳಲಿಲ್ಲ. ಇಟಲಿಯ ಮನೆಗಳಿಗೆ ಸಾಮಾನ್ಯ ಸಂಪರ್ಕ 3 ಕಿಲೋವ್ಯಾಟಿನದು. ದೊಡ್ಡ ಮನೆಗಳಲ್ಲಿ ಹೆಚ್ಚಿರಬಹುದು, ಕೇಳಿಕೊಳ್ಳಿ. ಓವನ್ನು, ಬಟ್ಟೆ ಒಗೆಯುವ ಯಂತ್ರ, ನೀರು ಕಾಯಿಸುವ ಕೆಟಲು ಒಟ್ಟಿಗೆ ನಡೆದರೆ ಮೀಟರೇ ಬಂದ್ ಆಗುತ್ತದೆ. ಆ ಮೀಟರು ಹಳ್ಳಿಗಾಡಿನಲ್ಲಿ ಮನೆಯೊಳಗಿರದೆ ಗೇಟಿನ ಬಳಿಯ ಗೂಡಿನಲ್ಲಿ ಇರುವುದುಂಟು. ಬಂದ ದಿನವೇ ಅದು ಎಲ್ಲಿದೆ ಎಂದು ತೋರಿಸಿಕೊಳ್ಳಿ, ಟಾರ್ಚು ಜೊತೆಗಿರಲಿ. ವೋಲ್ಟೇಜು ನಮ್ಮ ಊರಿನದೇ ಆದ್ದರಿಂದ ಮಿಕ್ಸಿ ನಡೆಯುತ್ತದೆ, ಆದರೆ ಭಾರತದ ಮೂರು ಪಿನ್ನಿನ ಪ್ಲಗ್ಗು ಇಲ್ಲಿನ ಸಾಕೆಟ್ಟಿಗೆ ಹೋಗದು. ಜರ್ಮನಿಯ ಗುಂಡು ಪ್ಲಗ್ಗು ಕೂಡ ಎಲ್ಲ ಸಾಕೆಟ್ಟಿಗೂ ಹೋಗುವುದಿಲ್ಲ.

ವಾಹನ: ಸಾಮಾನ್ಯ ಲೈಸೆನ್ಸಿನಲ್ಲಿ ಚಾಲಕನೂ ಸೇರಿ 9 ಜನರ ವ್ಯಾನು ಓಡಿಸಬಹುದು. ನಿಮ್ಮ ಸ್ವಂತ ಕಾರಿನಲ್ಲಿ ಐವರು, ವ್ಯಾನಿನಲ್ಲಿ ಒಂಬತ್ತು ಜನ, ಅಲ್ಲಿಗೆ 14 ಜನರಿಗೂ ಸರಿಹೋಯಿತು. ಬೆಂಗಳೂರಿನವರೂ ಇಂಗ್ಲೆಂಡಿನವರೂ ರಸ್ತೆಯ ಎಡಬದಿಗೆ ಒಗ್ಗಿದವರು, ಇಲ್ಲಿ ಬಲಬದಿ. ಆದ್ದರಿಂದ ವ್ಯಾನನ್ನು ನಿಮ್ಮ ಯಜಮಾನರೂ ಕಾರನ್ನು ನೀವೂ ನಡೆಸುವುದು ಉತ್ತಮ. ಮೈದುನನೂ ನಡೆಸುವುದಾದರೆ ಬೆಂಗಳೂರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಬರಲಿ. ಫ್ಲಾರೆನ್ಸ್, ಸಿಯೆನಾ, ಲುಕ್ಕಾ ಊರುಗಳ ಹಳೆಯ ಭಾಗಕ್ಕೆ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ. ಝಡ್‌ಟಿಎಲ್ ಎಂಬ ಫಲಕ ಕಂಡರೆ ಮುಂದೆ ಹೋಗಬೇಡಿ. ಕ್ಯಾಮೆರಾ ನಂಬರನ್ನು ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಮ್ಯೂನಿಕ್‌ನಿಂದ ಆಲ್ಪ್ಸ್ ಪರ್ವತದ ಬ್ರೆನ್ನರ್ ಘಾಟಿ, ವೆರೋನಾ, ಬೊಲೋನ್ಯಾ ಮಾರ್ಗವಾಗಿ ಫ್ಲಾರೆನ್ಸ್ ಸುಮಾರು 650 ಕಿಲೋಮೀಟರು. ಇಂಥ ಮನೆಗಳ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ, ರಜೆಯ ಶನಿವಾರಗಳಲ್ಲಿ ಬ್ರೆನ್ನರಿನಲ್ಲಿ ವಾಹನ ಗಿಜಿಗುಡುತ್ತದೆ. ಶುಕ್ರವಾರವೇ ಹೊರಟು ವೆರೋನಾ ಕಡೆ ಒಂದು ರಾತ್ರಿ ತಂಗಿದರೆ, ಶನಿವಾರ ಮಧ್ಯಾಹ್ನ ದಿನಸಿ ಕೊಂಡೇ ಮನೆ ಸೇರಬಹುದು.

ಬರೆದವರು: ಆಮ್‌ಸ್ಟರ್‌ಡ್ಯಾಮ್ ಕನ್ನಡತಿ

ಹಣ ಕಳುಹಿಸುವ ಮೊದಲು ಒಂದನ್ನು ಪರಿಶೀಲಿಸಿ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ 2025ರ ಜನವರಿ 1ರಿಂದ ಕಡ್ಡಾಯವಾಗಿದೆ. ಜಾಹೀರಾತಿನಲ್ಲೂ ಮನೆಯ ಹೊರಗೂ ಅದು ಇರಲೇಬೇಕು. ಸಂಖ್ಯೆ ಕೊಡಲು ಹಿಂಜರಿಯುವವರಿಗೆ, ಬುಕಿಂಗ್ ತಾಣದಿಂದ ಹೊರಬಂದು ನೇರ ಬ್ಯಾಂಕ್ ಖಾತೆಗೆ ಪೂರ್ತಿ ಹಣ ಹಾಕಿ ಎನ್ನುವವರಿಗೆ ಒಂದು ಯೂರೋ ಕೂಡ ಕೊಡಬೇಡಿ. ಮನೆ ಸೇರಿದ ಮೇಲೆ ಪ್ರತಿಯೊಬ್ಬರ ಪಾಸ್‌ಪೋರ್ಟಿನ ವಿವರವನ್ನು ಮಾಲೀಕರು ಕೇಳುತ್ತಾರೆ, ಗಾಬರಿಯಾಗಬೇಡಿ. 24 ಗಂಟೆಯೊಳಗೆ ಅದನ್ನು ಪೊಲೀಸರಿಗೆ ತಿಳಿಸುವುದು ಅವರ ಕಾನೂನು ಕರ್ತವ್ಯ.

ಬರೆದವರು: ಮ್ಯೂನಿಕ್‌ನ ಸೊಸೆ

ನಿನ್ನೆ ಮೂರು ಮನೆಯವರೂ ವಿಡಿಯೋ ಕರೆಯಲ್ಲಿ ಕುಳಿತು ಈ ಚರ್ಚೆಯನ್ನು ಮೊದಲಿನಿಂದ ಓದಿದೆವು. ಗುಡ್ಡದ ಮೇಲಿನ ದೊಡ್ಡ ವಿಲ್ಲಾವನ್ನು ಕೈಬಿಟ್ಟು, ಸಾನ್ ಕ್ವಿರಿಕೊ ಊರಿನಿಂದ ನಡೆಯುವ ದೂರದಲ್ಲಿರುವ ಒಂದು ತೋಟದ ಮನೆಯನ್ನು ಆರಿಸಿದ್ದೇವೆ. ಒಂದೇ ಅಂಗಳಕ್ಕೆ ನಾಲ್ಕು ಬಿಡಿ ಮನೆಗಳು. ಕೆಳಗಿನ ಮನೆಯಲ್ಲಿ ಅತ್ತೆ, ಮಾವ, ಸೋದರತ್ತೆ, ಅವರ ಸ್ನಾನದ ಮನೆಗೆ ಮೆಟ್ಟಿಲಿಲ್ಲ, ಮಾಲೀಕರು ಚಿತ್ರ ಕಳುಹಿಸಿದ್ದಾರೆ. ವಾರದಲ್ಲಿ ಮೂರು ರಾತ್ರಿ ಊಟ ಅವರದೇ ಅಡುಗೆಮನೆಯಿಂದ, ಮೂರು ರಾತ್ರಿ ದಂಪತಿಗಳ ಸರದಿ, ಒಂದು ರಾತ್ರಿ ಹೊರಗೆ. ಸರದಿಯ ಪಟ್ಟಿಯನ್ನು ಮಾವನವರೇ ತಮ್ಮ ಕೈಯಾರೆ ಬರೆದು ಕಳುಹಿಸಿದರು, ಮೊದಲ ಹೆಸರು ನಮ್ಮ ಯಜಮಾನರದು. ಹಣವನ್ನು ಕೋಣೆಯ ಲೆಕ್ಕದಂತೆ ಹಂಚಿಕೊಳ್ಳುತ್ತೇವೆ. ವ್ಯಾನಿನ ಬಾಡಿಗೆಯಲ್ಲಿ ತನ್ನದೂ ಪಾಲಿರಬೇಕೆಂದು ಮೈದುನ ಹಟ ಹಿಡಿದಿದ್ದಾನೆ, ಅದಿನ್ನೂ ಇತ್ಯರ್ಥವಾಗಿಲ್ಲ.

ಒಂದೇ ಸಂದೇಹ ಉಳಿದಿದೆ. ಮೈದುನನ ಮಕ್ಕಳಿಗೆ ಏಳು ಮತ್ತು ಹನ್ನೆರಡು ವರ್ಷ. ವ್ಯಾನಿನಲ್ಲಿ ಅವರಿಗೆ ಮಕ್ಕಳ ಸುರಕ್ಷತಾ ಸೀಟು ಬೇಕೇ?

ಬರೆದವರು: ಬೊಲೋನ್ಯಾ ವಾಸಿ

ಬಹಳ ಸಂತೋಷ. ಇಟಲಿಯಲ್ಲಿ ವಯಸ್ಸನ್ನು ನೋಡುವುದಿಲ್ಲ, ಎತ್ತರವನ್ನು ನೋಡುತ್ತಾರೆ. 150 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಕ್ಕಳಿಗೆ ಮಕ್ಕಳ ಸೀಟು ಅಥವಾ ಬೂಸ್ಟರ್ (ಕೂರುವ ಎತ್ತರ ಹೆಚ್ಚಿಸುವ ಪೀಠ) ಕಡ್ಡಾಯ. ಏಳು ವರ್ಷದ ಮಗುವಿಗೆ ಖಂಡಿತ ಬೇಕು, ಹನ್ನೆರಡರ ಮಗುವನ್ನು ಒಮ್ಮೆ ಅಳೆದು ನೋಡಿ. ಬಾಡಿಗೆ ಕಂಪನಿಯವರು ಸೀಟಿಗೆ ದಿನದ ಲೆಕ್ಕದಲ್ಲಿ ಹಣ ಕೇಳುತ್ತಾರೆ, ಮ್ಯೂನಿಕ್‌ನಲ್ಲಿ ಪರಿಚಯದವರ ಹತ್ತಿರ ಬೂಸ್ಟರ್ ಇದ್ದರೆ ಕುಕ್ಕರಿನ ಪಕ್ಕದಲ್ಲಿ ಅದನ್ನೂ ಇಟ್ಟುಕೊಂಡು ಬನ್ನಿ.